‘ಹಾರೈಕೆ’ ಬರೆದವಳ ಪರವಾಗಿ, ಹೊಟ್ಟೆಕಿಚ್ಚಿನಿಂದ

ಮಾನ್ಯ ನೇಮಕಾತಿ ಅಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಹಿರಿಯರ ವಿಭಾಗಕ್ಕೆ ಒಬ್ಬ ಆರೈಕೆ ಸಹಾಯಕಿಯನ್ನು ಆರಿಸಲು ಕುಳಿತ ನೀವು ಕೊನೆಗೆ ಆರಿಸಿದ್ದು ಒಂದು ಅಕ್ಷರವನ್ನು. ನನ್ನ ದೂರು ಇಷ್ಟೇ. ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ, ಆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ‘ಹಿರಿಯರ ಆರೈಕೆ ಮಾಡಿ ಅನುಭವವಿದೆ’ ಎಂದು ಬರೆಯಬೇಕಾದ ಕಡೆ ‘ಇರಿಯರ ಹಾರೈಕೆ ಮಾಡಿ ಅನುಭವವಿದೆ’ ಎಂದು ಬರೆದಳು. ನೀವು ಎರಡು ಪದಗಳಿಗೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದಿರಿ. ಪಕ್ಕದಲ್ಲಿ ‘ಬರೆಯಲು ಬಾರದವರ ಕೈಗೆ ರೋಗಿಗಳನ್ನು ಒಪ್ಪಿಸುವುದು ಹೇಗೆ?’ ಎಂದು ಷರಾ ಬರೆದು ಅರ್ಜಿಯನ್ನು ಹಿಂದಕ್ಕೆ ಕಳಿಸಿದಿರಿ. ಅದೇ ಕೆಲಸಕ್ಕೆ ಒಂದೂ ತಪ್ಪಿಲ್ಲದೆ ಅರ್ಜಿ ಬರೆದಿದ್ದ ಇನ್ನೊಬ್ಬಳನ್ನು ಆರಿಸಿ ನೇಮಕಾತಿ ಪತ್ರ ಕೊಟ್ಟಿರಿ. ಆ ಇನ್ನೊಬ್ಬಳು ನಾನು.

ಗೆದ್ದವಳು ದೂರು ಬರೆಯುವುದು ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ಇದು ನನ್ನ ದೊಡ್ಡ ಮನಸ್ಸು ಎಂದು ದಯವಿಟ್ಟು ತಿಳಿಯಬೇಡಿ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳು ಮದುವೆಯಾಗಿ ನಮ್ಮ ಮನೆಯ ಹೊಸ್ತಿಲು ದಾಟಿದ ದಿನದಿಂದ ಇಂದಿನವರೆಗೆ ಒಂದು ದಿನವೂ ತಪ್ಪದಂತೆ ಹೊಟ್ಟೆ ಉರಿದುಕೊಂಡು ಬಂದಿದ್ದೇನೆ. ಈ ಪತ್ರವನ್ನೂ ಅದೇ ಉರಿಯಲ್ಲಿ ಬರೆದು, ಅಚ್ಚು ಹಾಕಲೆಂದು ಪತ್ರಿಕೆಗೂ ಕಳಿಸುತ್ತಿದ್ದೇನೆ. ಆದ್ದರಿಂದ ಇದನ್ನು ಓದಿ ಯಾರೂ ಕಣ್ಣೊರೆಸಿಕೊಳ್ಳುವ ಅಗತ್ಯವಿಲ್ಲ.

ಏನು ಕಂಡು ಹೊಟ್ಟೆಕಿಚ್ಚು ಎನ್ನುತ್ತೀರಾ? ಅವಳು ನಕ್ಕರೆ ಪಕ್ಕದ ಮನೆಯವರೂ ಕಾರಣ ಗೊತ್ತಿಲ್ಲದೆ ನಗುತ್ತಾರೆ. ಅವಳು ಹಾಡಿದರೆ ಶ್ರುತಿ ಒಂದು ಕಡೆ, ಅವಳು ಒಂದು ಕಡೆ. ಆದರೂ ‘ಇನ್ನೊಂದು ಹೇಳು’ ಎನ್ನುತ್ತಾರೆ. ಹಣ್ಣಿನ ಅಂಗಡಿಯವನು ನನಗೆ ತೂಗಿ ಕೊಡುತ್ತಾನೆ, ಅವಳಿಗೆ ಆರಿಸಿ ಕೊಡುತ್ತಾನೆ. ನಾನು ಮನೆಗೆ ಮೊದಲು ಬಂದ ಸೊಸೆ. ನನ್ನನ್ನು ಅತ್ತೆ ‘ದೊಡ್ಡವಳು’ ಎಂದು ಕರೆಯುತ್ತಾರೆ, ಅವಳನ್ನು ‘ಚಿಕ್ಕವಳು’ ಎಂದು. ಹೆಸರಿಗಷ್ಟೇ ನಾನು ದೊಡ್ಡವಳು. ಅತ್ತೆ ಮನೆಯೊಳಗೆ ಕಾಲಿಟ್ಟರೆ ಬಾಯಿಗೆ ಮೊದಲು ಬರುವ ಮಾತು ‘ಚಿಕ್ಕವಳು ಎಲ್ಲೇ?’ ಎಂಬುದು. ಅದನ್ನು ಕೇಳುವುದೂ ನನ್ನನ್ನೇ.

ಅವಳಿಗೆ ಬಾರದೇ ಇದ್ದದ್ದು, ನನಗೆ ಬರುತ್ತಿದ್ದದ್ದು ಒಂದೇ ಒಂದು. ‘ಹ’ ಎಲ್ಲಿರಬೇಕೋ ಅಲ್ಲಿ ಅವಳ ಬಾಯಲ್ಲಿ ಅದು ಇರುವುದಿಲ್ಲ. ಎಲ್ಲಿ ಇರಬಾರದೋ ಅಲ್ಲಿ ಮನಸ್ಸು ಬಂದಾಗಲೆಲ್ಲ ಹಾಜರಾಗುತ್ತದೆ. ಹಾಲು ಅವಳಿಗೆ ‘ಆಲು’, ಹಣ್ಣು ‘ಅಣ್ಣು’, ಆಸ್ಪತ್ರೆ ‘ಹಾಸ್ಪತ್ರೆ’. ನನ್ನನ್ನು ಕರೆಯುವುದು ‘ಹಕ್ಕಾ’ ಎಂದು. ಬಂದವರಿಗೆಲ್ಲ ನನ್ನ ಹೆಗಲ ಮೇಲೆ ಕೈ ಹಾಕಿ, “ಇವ್ರು ನಮ್ ಹೋರಗಿತ್ತಿ!” ಎಂದು ಪರಿಚಯ ಮಾಡಿಸುತ್ತಾಳೆ. ಕೇಳಿದವರಿಗೆ ಯಾವುದೋ ಹೋರಿಯನ್ನು ತೋರಿಸುತ್ತಿರುವಂತೆ ಅನ್ನಿಸಬೇಕು. ನಾನು ಹಲ್ಲು ಕಚ್ಚಿ ನಿಲ್ಲುತ್ತೇನೆ.

ನಾನೋ, ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವಳು. ಅದು ಬಾಗಿಲು ಹಾಕುವವರೆಗೂ ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು ಅನ್ಯರ ಒತ್ತಕ್ಷರ, ದೀರ್ಘ, ಮಹಾಪ್ರಾಣಗಳನ್ನು ಕಾದವಳು. ಆ ಅಭ್ಯಾಸ ಮನೆಗೂ ಬಂತು. ಚಿಕ್ಕವಳು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸುತ್ತಿದ್ದಳು: ‘ಅತ್ತೆಗೆ ಆಲು ಕೊಟ್ಟಾಗಿದೆ. ಅಣ್ಣು ಹುಳಿದಿದೆ, ತಿನ್ನಿ.’ ನಾನು ಅದರ ಮೇಲೆಯೇ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಅವಳಿಗೆ ಅವಮಾನವಾಗಲಿ ಎಂಬ ಸಣ್ಣ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಅವಳೋ, “ಹಕ್ಕಾ, ಇವತ್ತು ನಂಗೆ ಎಷ್ಟು ಮಾರ್ಕ್ಸು?” ಎಂದು ಮನೆ ತುಂಬ ನಗುತ್ತಿದ್ದಳು. ಅವಳು ನಕ್ಕಳೆಂದು ಎಲ್ಲರೂ ನಕ್ಕು, ತಿದ್ದಿದ ನಾನೇ ಪೆಚ್ಚಾಗುತ್ತಿದ್ದೆ.

ಈಗ ನಿಮ್ಮ ಷರಾದ ವಿಷಯಕ್ಕೆ ಬರುತ್ತೇನೆ. ಬರೆಯಲು ಬಾರದವರ ಕೈಗೆ ರೋಗಿಗಳನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಒಪ್ಪಿಸಿದ್ದೆವು, ಹೇಗೆಂದು ಹೇಳುತ್ತೇನೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಅವರನ್ನು ನೋಡಿಕೊಂಡವರು ನಾವಿಬ್ಬರು. ನನ್ನ ಪಾಳಿಯಲ್ಲಿ ಮಾತ್ರೆ ಗಡಿಯಾರ ನೋಡಿಕೊಂಡು ಬಾಯಿಗೆ ಬೀಳುತ್ತಿತ್ತು, ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ. ಅವಳ ಪಾಳಿಯಲ್ಲಿ ಹಾಸಿಗೆಯ ಮೇಲೆ ಬಿಸ್ಕತ್ತಿನ ಪುಡಿ, ಮೂಲೆಯಲ್ಲಿ ಬಾಚಣಿಗೆ, ಎಲ್ಲೋ ಒಂದು ಕಡೆ ಕನ್ನಡಕ. ಒಂದು ಮಧ್ಯಾಹ್ನ ಅವಳು ಮಾತ್ರೆ ಕೊಡಲು ಮರೆತೇಬಿಟ್ಟಳು. ಆ ಸುದ್ದಿಯನ್ನು ನಾನು ಮನೆಗೆಲ್ಲ ಡಂಗುರ ಸಾರಿದೆ. ಆದರೆ ನೋಡಿ, ಆ ಮಾತ್ರೆಯ ಹೆಸರನ್ನು ಅವಳು ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದರೂ ಮರೆಯುತ್ತಿದ್ದಳು. ‘ನಿನಗೆ ಮರೆವು ಉಂಟೇ?’ ಎಂದು ನೀವು ಅವಳನ್ನು ಕೂರಿಸಿ ಕೇಳಿ, ಆ ಕಾರಣಕ್ಕೆ ಬೇಡವೆಂದಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸಂತೋಷವನ್ನೇ ಪಡುತ್ತಿದ್ದೆ.

ಇನ್ನೊಂದು ಸಂಗತಿಯೂ ಇದೆ, ಇದನ್ನು ಬರೆಯಲು ನನ್ನ ಕೈ ಹಿಂದೇಟು ಹಾಕುತ್ತಿದೆ. ಅತ್ತೆಯನ್ನು ಮಲ ಮೂತ್ರಕ್ಕೆ ಎಬ್ಬಿಸುವಾಗ ನಾನು ಎಷ್ಟೇ ಜೋಪಾನವಾಗಿ ಎತ್ತಿದರೂ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ನೋವಿಗಲ್ಲ, ನಾಚಿಕೆಗೆ. ಚಿಕ್ಕವಳು ಎತ್ತಿದರೆ ಕಣ್ಣು ಮುಚ್ಚುತ್ತಿರಲಿಲ್ಲ, ಏಕೆಂದರೆ ಅವಳು ಅಷ್ಟು ಹೊತ್ತೂ ಬಾಯಿ ಮುಚ್ಚುತ್ತಿರಲಿಲ್ಲ. ಎದುರು ಮನೆಯವರ ಹೊಸ ಪರದೆ, ತನ್ನ ಗಂಡನ ಗೊರಕೆ, ಹೊಲಿಗೆಯವಳು ರವಿಕೆ ಕೆಡಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅತ್ತೆ ಮಧ್ಯೆ ಬಾಯಿ ಹಾಕಿ ತೀರ್ಪು ಕೊಡುತ್ತಿದ್ದರು. ಅಷ್ಟರಲ್ಲಿ ಕೆಲಸ ಮುಗಿದು ಅವರು ಮತ್ತೆ ದಿಂಬಿಗೆ ಒರಗಿರುತ್ತಿದ್ದರು. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ಇದನ್ನು ನೋಡುತ್ತಿದ್ದೆ. ಅವಳು ಮಾಡಿದ್ದನ್ನೇ ಮಾಡಲು ನಾನೂ ಒಮ್ಮೆ ಎದುರು ಮನೆಯ ಪರದೆಯ ವಿಷಯ ಎತ್ತಿದೆ. ಅತ್ತೆ, “ಸುಮ್ನೆ ಬೇಗ ಮುಗ್ಸೇ ತಾಯಿ” ಎಂದರು.

ಈಗ ಅತ್ತೆ ಕೋಲು ಹಿಡಿದು ನಡೆಯುತ್ತಾರೆ. ಬಚ್ಚಲಲ್ಲಿ ಸ್ಟೂಲಿನಿಂದ ಏಳಲು ಮಾತ್ರ ಒಂದು ಆಸರೆ ಬೇಕು. ನನ್ನ ಗಂಡನಿಗೆ ರಾತ್ರಿ ಪಾಳಿಯಾದ್ದರಿಂದ ಹಗಲು ಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಹೀಗೆ ಬಿಡುವು ಸಿಕ್ಕ ಮೇಲೆ ನಿಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ನನ್ನ ಕಣ್ಣಿಗೂ ಬಿತ್ತು, ಅವಳ ಕಣ್ಣಿಗೂ ಬಿತ್ತು. ಹುದ್ದೆ ಒಂದೇ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ನಾನು ಹಲ್ಲು ನೋವೆಂದು ಹೇಳಿ ಹೊರಟೆ. ಅವಳು ಚಪ್ಪಲಿ ಹೊಲಿಸಬೇಕೆಂದು ನನಗಿಂತ ಮೊದಲೇ ಹೊರಟಿದ್ದಳು. ಅರ್ಜಿ ಕೊಡುವ ಕಿಟಕಿಯ ಮುಂದೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದರೆ ಅವಳೇ.

“ಅಯ್ಯೋ ಹಕ್ಕಾ, ಅಲ್ಲು ಕೀಳ್ಸೋದು ಇಲ್ಲೇನಾ?” ಎಂದಳು.

“ನಿನ್ನ ಚಪ್ಪಲಿ ಹೊಲಿಯೋದು ಇಲ್ಲೇ ಅಂತ ಕೇಳ್ದೆ, ನೋಡೋಣ ಅಂತ ಬಂದೆ” ಎಂದೆ.

ಅವಳು ಸಾಲಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ತನ್ನ ಅರ್ಜಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು, ನನ್ನ ಕಣ್ಣಿಗೆ ಬೀಳದಿರಲಿ ಎಂದು. ನಾನೂ ಹಾಗೆಯೇ ಹಿಡಿದಿದ್ದೆ.

ಸಂದರ್ಶನಕ್ಕೆ ನೀವು ಕರೆದದ್ದು ನನ್ನನ್ನು ಮಾತ್ರ. ನೀವು ಮೂವರು ಉದ್ದ ಮೇಜಿನ ಆಚೆ, ನಾನು ಈಚೆ. ಒಬ್ಬ ಮುದುಕಿಯನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ದಾಟಿಸುತ್ತೀ ಎಂದು ಕೇಳಿದಿರಾ? ಹಟ ಹಿಡಿದವರ ಬಾಯಿಗೆ ಗಂಜಿ ಹೇಗೆ ಹಾಕುತ್ತೀ ಎಂದು ಕೇಳಿದಿರಾ? ಇಲ್ಲ. “ಅರ್ಜಿ ಅಂದ್ರೆ ಹೀಗಿರ್ಬೇಕು ನೋಡ್ರಿ” ಎಂದು ನನ್ನ ಹಾಳೆಯನ್ನು ಪಕ್ಕದವರಿಗೆ ತೋರಿಸಿದಿರಿ. ಆಸ್ಪತ್ರೆಯ ವಾರ್ಷಿಕ ವರದಿಯ ಕರಡನ್ನೂ ಬಿಡುವಾದಾಗ ನೋಡಿಕೊಡಲು ಸಾಧ್ಯವೇ ಎಂದು ಕೇಳಿದಿರಿ. ಆಮೇಲೆ ಇನ್ನೊಂದು ಹಾಳೆ ತೆಗೆದು, “ಇಲ್ಲಿ ಕೇಳಿ, ಇವರು ಇರಿಯರಂತೆ, ಬರೀ ಹಾರೈಸ್ತಾರಂತೆ!” ಎಂದು ಓದಿದಿರಿ. ಚಾಕು ಹಿಡಿದು ಇರಿಯುವವರಲ್ಲ ಎಂಬ ಅರ್ಥವನ್ನು ಬೇರೆ ಬಿಡಿಸಿ ಹೇಳಿದಿರಿ. ಮೂವರೂ ಬಿದ್ದು ಬಿದ್ದು ನಕ್ಕಿರಿ. ಅಕ್ಷರ ನೋಡಿದೊಡನೆ ಯಾರದೆಂದು ನನಗೆ ತಿಳಿಯಿತು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ, ಸಿಹಿಯಾಗಿಯೇ ಬಂತು.

ಆದರೆ ಮೂವರೇ ನಕ್ಕರೆ ನಿಮಗೆ ಸಾಲಲಿಲ್ಲ. ಅರ್ಜಿಯ ಚಿತ್ರ ನಿಮ್ಮ ಸಿಬ್ಬಂದಿಯ ಫೋನುಗಳಿಗೆ ಹೋಯಿತು, ಅಲ್ಲಿಂದ ಅವರ ಸ್ನೇಹಿತರಿಗೆ, ಅಲ್ಲಿಂದ ನನ್ನ ಗಂಡನ ಸಹೋದ್ಯೋಗಿಗೆ, ಅಲ್ಲಿಂದ ನಮ್ಮ ಅಡುಗೆಮನೆಗೆ. ಕೆಂಪು ಸುತ್ತು, ನಿಮ್ಮ ಷರಾ, ಕೆಳಗೆ ಸಾಲು ಸಾಲು ನಗುವ ಮುಖಗಳು. ಒಂದು ಸಾರ್ವಜನಿಕ ಆಸ್ಪತ್ರೆಗೆ ನಂಬಿ ಕೊಟ್ಟ ಅರ್ಜಿ ಬೀದಿ ಬೀದಿ ಸುತ್ತುವುದು ಯಾವ ನಿಯಮದ ಪ್ರಕಾರ, ಸ್ವಾಮಿ? ಅದಕ್ಕೂ ಏನಾದರೂ ಕಾಗುಣಿತ ಉಂಟೇ?

ಚಿಕ್ಕವಳು ಫೋನನ್ನು ಹತ್ತಿರ ಹಿಡಿದು ನೋಡಿದಳು. “ಅಕ್ಷರ ಎಷ್ಟು ದುಂಡಗಿದೆ ನೋಡಿ ನಂದು” ಎಂದು ನಕ್ಕಳು. ಆ ಒಂದು ನಗುವಿಗೆ ಇಡೀ ಮನೆ ಕರಗಿತು. ಮೈದುನ ಅವಳ ತಟ್ಟೆಗೆ ತಾನೇ ಬಡಿಸಿದ. ನನ್ನ ಗಂಡ, ನನ್ನ ಸ್ವಂತ ಗಂಡ, “ಹೋಗ್ಲಿ ಬಿಡಮ್ಮಾ, ಅವ್ರಿಗೆ ಯೋಗ್ಯತೆ ಇಲ್ಲ” ಎಂದರು. ಅತ್ತೆ ಅವಳ ಕೈ ಹಿಡಿದು ಕೂರಿಸಿಕೊಂಡರು. ನನ್ನ ನೇಮಕಾತಿ ಪತ್ರ ಉಪ್ಪಿನ ಜಾಡಿಯ ಕೆಳಗೆ ಹಾರಿಹೋಗದಂತೆ ಬಿದ್ದಿತ್ತು. ಅದನ್ನು ಎತ್ತಿ ಓದಿದವರು ಯಾರೂ ಇಲ್ಲ. ನಾನು ಗೆದ್ದ ದಿನವೂ ಮನೆಯವರೆಲ್ಲ ಅವಳ ಸುತ್ತಲೇ ಕುಳಿತಿದ್ದರು. ಅವಳ ಸೋಲಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ?

ಆ ಪತ್ರದ ವಿಷಯ ಎತ್ತಿದವಳು ಅವಳೊಬ್ಬಳೇ. “ಹಕ್ಕಂಗಾದ್ರೂ ಸಿಕ್ತಲ್ಲ, ಮನೇಲೇ ಹುಳೀತು ಬಿಡಿ. ಒಳ್ಳೇದಾಗ್ಲಿ ಹಕ್ಕಾ” ಎಂದಳು. ನೀವು ಕೆಂಪು ಸುತ್ತು ಹಾಕಿದ ಹಾರೈಕೆಯನ್ನು ನನಗೇ ಮಾಡಿಬಿಟ್ಟಳು. ಅವಳ ಕಣ್ಣಿನಲ್ಲಿ ನಾನು ಹುಡುಕಿದೆ, ಒಂದು ಚೂರು ಅಸೂಯೆ ಸಿಗಬಹುದೇ ಎಂದು. ಇಷ್ಟು ವರ್ಷ ನಾನು ಅವಳ ಮೇಲೆ ಪಟ್ಟದ್ದರಲ್ಲಿ ಕಾಲು ಭಾಗವಾದರೂ ಅವಳು ನನ್ನ ಮೇಲೆ ಪಡಲಿ ಎಂದೇ ಅಲ್ಲವೇ ನಾನು ಅರ್ಜಿ ಹಾಕಿದ್ದು? ಏನೂ ಸಿಗಲಿಲ್ಲ. ಒಂದು ‘ಹ’ಕಾರದಿಂದ ಸೋತವಳು ಗೆದ್ದವಳನ್ನು ನೋಡಿ ಏಕೆ ಹೊಟ್ಟೆ ಉರಿದುಕೊಳ್ಳಬೇಕು ಹೇಳಿ? ಅದು ಸೋಲೆಂದೇ ಅವಳಿಗೆ ಅನ್ನಿಸಿರಲಿಲ್ಲ.

ಇಲ್ಲಿಗೆ ಯಾರಾದರೂ ಭಾವುಕರು ಎದ್ದು, ‘ಆರೈಕೆ ಎಂದರೆ ಹಾರೈಕೆಯೇ ಅಲ್ಲವೇ, ಅವಳು ಬರೆದದ್ದೇ ಸರಿ’ ಎಂದು ಹೇಳಲು ಹೊರಡಬಹುದು. ದಯವಿಟ್ಟು ಕುಳಿತುಕೊಳ್ಳಿ. ಅದು ತಪ್ಪು. ತಪ್ಪನ್ನು ತಪ್ಪೆಂದು ಹೇಳಿಯೇ ನಾನು ಇಷ್ಟು ವರ್ಷ ಅನ್ನ ತಿಂದದ್ದು. ಕಾಗುಣಿತ ಬೇಡವೆಂದು ನಾನು ಎಂದಿಗೂ ಹೇಳುವವಳಲ್ಲ. ಔಷಧದ ಚೀಟಿಯಲ್ಲಿ ಬೇಕು, ಕಾನೂನಿನ ಪುಸ್ತಕದಲ್ಲಿ ಬೇಕು, ಮಕ್ಕಳ ಪಾಠದಲ್ಲಂತೂ ಬೇಕೇ ಬೇಕು. ನಾನು ಕೇಳುವುದು, ಮುದುಕಿಯೊಬ್ಬಳ ಬೆನ್ನು ಉಜ್ಜುವ ಕೈಯಲ್ಲಿ ಅದನ್ನು ಏಕೆ ಹುಡುಕಿದಿರಿ ಎಂದು. ನಮ್ಮ ಬೀದಿಯಲ್ಲಿ ‘ಮನೆ ಭಾಡಿಗೆಗೆ ಇದೆ’ ಎಂಬ ಬೋರ್ಡು ನೋಡಿಯೇ ಅರ್ಧ ಜನ ಬಂದು ಸೇರಿದ್ದಾರೆ. ಅವರಲ್ಲಿ ಕೆಲವರ ಸೂರು ಸೋರುತ್ತದೆ, ಕೆಲವರದು ಸೋರುವುದಿಲ್ಲ. ಎಲ್ಲರ ಬೋರ್ಡಿನಲ್ಲೂ ಮಹಾಪ್ರಾಣ ಒಂದೇ ಆಗಿತ್ತು.

ಹೋಗಲಿ, ಕಾಗುಣಿತವೇ ಅಳತೆಗೋಲು ಎನ್ನಿ. ಎಲ್ಲರನ್ನೂ ಅದರಲ್ಲೇ ಅಳೆಯುತ್ತೀರೋ? ನಿಮ್ಮ ಜಾಹೀರಾತು ನನ್ನ ಮುಂದಿದೆ. ‘ಮೃಧು ಸ್ವಭಾವದ’ ಅಭ್ಯರ್ಥಿಗಳಿಂದ ಅರ್ಜಿಗಳನ್ನು ‘ಅಹ್ವಾನಿಸಿ’ದ್ದೀರಿ. ಮೃದುವಿಗೆ ಅಷ್ಟು ಒರಟು ‘ಧ’ ಏಕೆ ಬೇಕಾಯಿತು? ಆಹ್ವಾನದ ದೀರ್ಘ ಎಲ್ಲಿ ಉದುರಿತು? ಅವಳಿಗೆ ಕಳಿಸಿದ ತಿರಸ್ಕಾರದ ಪತ್ರದ ಕೊನೆಯಲ್ಲಿ ‘ವಿಷಾಧಿಸುತ್ತೇವೆ’ ಎಂದಿದ್ದೀರಿ. ಅಲ್ಪಪ್ರಾಣದ ವಿಷಾದಕ್ಕೆ ಮಹಾಪ್ರಾಣ ತುಂಬಿ ಕಳಿಸಿದ್ದೀರಿ. ನಿಜವಾಗಿ ಅಷ್ಟೊಂದು ವಿಷಾದವಿತ್ತೇ? ನೀವು ಮಾಡಿದರೆ ಅದು ಅಚ್ಚಿನ ದೋಷ, ಅವಳು ಮಾಡಿದರೆ ಅದು ಅವಳ ದೋಷ. ನಿಮ್ಮ ವೈದ್ಯರ ಚೀಟಿಯಲ್ಲಿ ಒಂದಕ್ಷರವನ್ನಾದರೂ ಅಕ್ಷರವೆಂದು ಗುರುತು ಹಿಡಿದವರು ಉಂಟೇ? ಅವರನ್ನು ಯಾರೂ ಫೋನಿನಲ್ಲಿ ಹಂಚಲಿಲ್ಲ. ನಿಮ್ಮ ಹೊಸ ಕಟ್ಟಡದ ಉದ್ಘಾಟನೆಗೆ ಹೊರಗಿನಿಂದ ಬಂದಿದ್ದ ದೊಡ್ಡ ಮನುಷ್ಯರು ನಮ್ಮ ಭಾಷೆಯಲ್ಲಿ ‘ನಾನು ಎಲ್ಲರಿಗೂ ತುಂಬ ಸಂತೋಷ’ ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ಮೇಲೂ ನನಗೆ ಹೊಟ್ಟೆಕಿಚ್ಚು, ತಿಳಿದಿರಲಿ. ಬದುಕಿಡೀ ಸರಿಯಾಗಿ ಬರೆದ ನನಗೆ ಒಬ್ಬರೂ ಚಪ್ಪಾಳೆ ತಟ್ಟಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯದೆ, ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಸೇರಿಕೊಳ್ಳುತ್ತಿದ್ದೆ. ಆದರೆ ಆ ಚಿತ್ರ ಬಂದ ಮೇಲೆ ಫ್ರಿಜ್ಜಿನ ಮೇಲೆ ಚೀಟಿ ಕಾಣಿಸಲಿಲ್ಲ. ಮೊದಮೊದಲು ನನಗೆ ಅದು ಗಮನಕ್ಕೇ ಬರಲಿಲ್ಲ. ಆಮೇಲೆ ಅವಳು ಮಾತಿನ ಮಧ್ಯೆ ನಿಲ್ಲತೊಡಗಿದಳು. “ಅತ್ತೆಗೆ ಆ... ಹಾ...” ಎಂದು ಶುರು ಮಾಡಿ ನನ್ನ ಮುಖ ನೋಡಿ, ಕೊನೆಗೆ ಪಾತ್ರೆಯ ಕಡೆ ಕೈ ತೋರಿಸಿ “ಅದು” ಎನ್ನುತ್ತಿದ್ದಳು. ಹಣ್ಣಿನ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಅಲ್ಲಿ ಯಾರೋ ಆ ಚಿತ್ರ ನೋಡಿದ್ದರಂತೆ. ಮೊನ್ನೆ ಅತ್ತೆಯನ್ನು ಸ್ಟೂಲಿನಿಂದ ಎಬ್ಬಿಸುವಾಗ ಅವಳು ಒಂದು ಮಾತೂ ಆಡಲಿಲ್ಲ. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

“ಯಾಕೇ ದೊಡ್ಡವಳೇ, ಚಿಕ್ಕವಳಿಗೆ ಹುಷಾರಿಲ್ವಾ?” ಎಂದು ಆಮೇಲೆ ನನ್ನನ್ನು ಕೇಳಿದರು.

ನಾನು ಕುಣಿದಾಡಬೇಕಿತ್ತು. ಅವಳ ಬಾಯಿಗೆ ಬೀಗ ಬೀಳಲಿ ಎಂದು ನಾನು ಎಷ್ಟು ವರ್ಷ ಬಯಸಿದ್ದೆ! ಈಗ ಅವಳ ಹತ್ತಿರ ನನ್ನ ಹತ್ತಿರವಿಲ್ಲದ್ದು ಏನೂ ಉಳಿದಿಲ್ಲ. ಅವಳೂ ನನ್ನಂತೆಯೇ ಆಗಿದ್ದಾಳೆ: ಚೊಕ್ಕ, ಸಮಯಕ್ಕೆ ಸರಿ, ಮೌನ. ನಿನ್ನೆ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ನಿಂತಳು. ಒಂದು ಕ್ಷಣ ತಡೆದು, ತುಟಿಯನ್ನು ಜೋಪಾನವಾಗಿ ತೆರೆದು, “ಅಕ್ಕಾ” ಎಂದಳು.

ಸರಿಯಾಗಿಯೇ ಹೇಳಿದಳು. ಒಂದು ತಪ್ಪಿಲ್ಲ. ಯಾರೋ ಪರಿಚಯವಿಲ್ಲದ ಹೆಂಗಸು ನಮ್ಮ ಅಡುಗೆಮನೆಗೆ ಬಂದು ನನ್ನನ್ನು ಕರೆದ ಹಾಗಾಯಿತು. ಏನು ಬೇಕೆಂದು ಕೇಳಿದರೆ, “ಏನಿಲ್ಲ” ಎಂದು ಹೊರಟುಹೋದಳು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಈ ಪತ್ರಕ್ಕೆ ಕುಳಿತೆ.

ನೋಡಿ ಅಧಿಕಾರಿಗಳೇ, ಹೊಟ್ಟೆಕಿಚ್ಚು ಪಡಲು ಎದುರಿಗೆ ಒಬ್ಬಳು ಬೇಕು. ನನ್ನ ಎದುರಿಗಿದ್ದವಳನ್ನು ನೀವು ಕೆಂಪು ಶಾಯಿಯಲ್ಲಿ ಅಳಿಸಿಬಿಟ್ಟಿರಿ. ನಾನು ವರ್ಷಗಟ್ಟಲೆ ತಿದ್ದಿದರೂ ಅವಳು ಅಳಿಸಿಹೋಗಿರಲಿಲ್ಲ. ನಗುತ್ತ ಅಂಕ ಕೇಳುತ್ತಿದ್ದಳು. ನಮ್ಮ ಜಗಳದ ನಡುವೆ ಬರಲು ನೀವು ಯಾರು?

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಚಿತ್ರವನ್ನು ಯಾರು ಹಂಚಿದರೋ ಅವರಿಂದಲೇ ಅಳಿಸಿಸಿ, ಅವಳಿಗೆ ಕ್ಷಮಾಪಣೆ ಬರೆದು ಕಳಿಸಿ. ಕಾಗುಣಿತದ ಚಿಂತೆ ಬೇಡ, ಹೇಗೆ ಬರೆದರೂ ಓದಿಕೊಳ್ಳುತ್ತಾಳೆ. ಸೋಮವಾರ ನಾನು ಕೆಲಸಕ್ಕೆ ಹಾಜರಾಗಬೇಕು. ಹಾಜರಾಗುತ್ತೇನೆ, ಅವಳನ್ನೂ ಕರೆದುಕೊಂಡು. ನೇಮಕಾತಿ ಪತ್ರವನ್ನು ತ್ಯಾಗ ಮಾಡುತ್ತೇನೆಂದು ಕಾಯಬೇಡಿ, ಅಷ್ಟು ಒಳ್ಳೆಯವಳು ನಾನಲ್ಲ. ಮೇಜಿನ ಮೇಲಿನ ಪೆನ್ನುಗಳನ್ನೆಲ್ಲ ಎತ್ತಿಡಿ. ಒಂದು ಮಂಚ ತೋರಿಸಿ, ಅದರ ಮೇಲೆ ಏಳಲು ಒಪ್ಪದ ಒಬ್ಬ ಹಿರಿಯರು ಇರಲಿ. ಮೊದಲು ನಾನು ಎಬ್ಬಿಸುತ್ತೇನೆ, ಆಮೇಲೆ ಅವಳು. ಮಾತ್ರೆಯ ಸಮಯವನ್ನೂ ಕೇಳಿ, ಅದರಲ್ಲಿ ನಾನು ಅವಳನ್ನು ಬಿಡುವುದಿಲ್ಲ. ಕೊನೆಗೆ ಆ ಹಿರಿಯರನ್ನೇ ಕೇಳಿ, ನಾಳೆ ಯಾರು ಬರಬೇಕು ಎಂದು. ಅವಳು ಗೆದ್ದರೆ ನಾನು ಜೀವಮಾನವಿಡೀ ಹೊಟ್ಟೆ ತುಂಬ ಉರಿದುಕೊಳ್ಳುತ್ತೇನೆ, ನನಗದು ಅಭ್ಯಾಸವಿದೆ. ನಾನು ಗೆದ್ದರೆ ಅವಳು ಒಂದು ದಿನ, ಒಂದೇ ಒಂದು ದಿನ, ನನ್ನನ್ನು ನೋಡಿ ಉರಿದುಕೊಳ್ಳಬೇಕು. ಅದಕ್ಕೆ ಅವಳು ಮೊದಲಿನ ಹಾಗೆ ಆಗಬೇಕು.

ಕೊನೆಯದಾಗಿ ಒಂದು ಮಾತು, ಇದು ಪತ್ರಿಕೆಯ ಕರಡು ತಿದ್ದುವವರಿಗೆ. ನಮ್ಮ ಕೆಲಸದಲ್ಲಿ ಒಂದು ಗುರುತಿದೆ, ನಿಮಗೆ ಗೊತ್ತೇ ಇದೆ. ಅವಸರದಲ್ಲಿ ಯಾರೋ ಹೊಡೆದು ಹಾಕಿದ ಪದದ ಕೆಳಗೆ ಸಾಲಾಗಿ ಚುಕ್ಕೆ ಇಟ್ಟರೆ, ‘ಇದ್ದಂತೆಯೇ ಇರಲಿ’ ಎಂದರ್ಥ. ನನ್ನ ಸಹಿಯ ಕೆಳಗೆ ನಾನೇ ಚುಕ್ಕೆ ಇಟ್ಟಿದ್ದೇನೆ. ತಿದ್ದಬೇಡಿ.

ಇಂತಿ,
ಒಂದಕ್ಷರದಿಂದ ಗೆದ್ದು ಮನೆಯಲ್ಲಿ ಸೋತ,
ಚಿಕ್ಕವಳ ಹಕ್ಕ
. . . . . . . .